ಭೋಸರಿಯ ಗಾಳೆಯಲ್ಲಿ ಮಗಳೊಂದಿಗೆ ಕಾರು ಕಟ್ಟುತ್ತಿದ್ದೇನೆ: ಸಲಹೆ ಬೇಕು, ಬುದ್ಧಿವಾದ ಬೇಡ

ಟೂಲ್‌ರೂಮ್ ಕಾಕಾ, ಭೋಸರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದುವರೆಗೆ ಓದಿದ್ದೇ ಹೆಚ್ಚು, ಬರೆಯುತ್ತಿರುವುದು ಇದೇ ಮೊದಲು. ಊರು ಗೋಕಾಕದ ಕಡೆ. ಪುಣೆಗೆ ಬಂದು 45 ವರ್ಷವಾಯಿತು. ಟೂಲ್‌ರೂಮಿನಲ್ಲಿ ಡೈ ಮಾಡುತ್ತಲೇ ತಲೆ ಹಣ್ಣಾಯಿತು, ಈಗ ನಿವೃತ್ತ. ಮಗಳು ಚಾಕಣದಲ್ಲಿ ವಾಹನ ವಿನ್ಯಾಸದ ಕೆಲಸದಲ್ಲಿದ್ದಾಳೆ. ಕಾಲೇಜಿನಲ್ಲಿದ್ದಾಗ ಬಾಹಾ ಎಂಬ, ವಿದ್ಯಾರ್ಥಿಗಳ ಕಚ್ಚಾದಾರಿ ವಾಹನ ಸ್ಪರ್ಧೆಗೆ ಗಾಡಿ ಕಟ್ಟಿ, ಪೀತಂಪುರಕ್ಕೆ ಒಯ್ದು, ಮೈತುಂಬ ಕೆಸರು ಮೆತ್ತಿಕೊಂಡು ಬಂದವಳು.

ಕಳೆದ ದೀಪಾವಳಿಯ ದಿನ ಊಟದ ಹೊತ್ತಿಗೆ ಲ್ಯಾಪ್‌ಟಾಪ್ ತಂದು ತಟ್ಟೆಯ ಪಕ್ಕ ಇಟ್ಟಳು. ಬ್ರಿಟನ್ನಿನ ಲೋಟಸ್ ಸೆವೆನ್ ಮಾದರಿಯ ಎರಡು ಸೀಟಿನ ಕಾರಿನ ಚೌಕಟ್ಟು. “ಅಪ್ಪಾ, ಇದನ್ನು ನಾವಿಬ್ಬರೇ ಕಟ್ಟೋಣವೇ?” ಎಂದಳು. ನಾನು ಚಿತ್ರ ನೋಡಿ, “ಈ ಸಂದಿಯಲ್ಲಿ ವೆಲ್ಡಿಂಗ್ ಗನ್ ಹೇಗೆ ತೂರಿಸುತ್ತೀ?” ಎಂದೆ. ಅವಳ ತಾಯಿ, “ಇನ್ನು ಈ ಮನೆಯಲ್ಲಿ ಭಾನುವಾರವೆಂಬುದು ಇಲ್ಲ” ಎಂದಳು. ಒಪ್ಪಂದವಾದದ್ದು ಹೀಗೆ.

ಸೊಸೈಟಿಯ ಪಾರ್ಕಿಂಗಿನಲ್ಲಿ ಗ್ರೈಂಡರ್ ಹಚ್ಚಿದ ಎರಡನೆಯ ದಿನವೇ ಕಾರ್ಯದರ್ಶಿ ಚೀಟಿ ಕಳುಹಿಸಿದರು. ಹಾಗಾಗಿ ಭೋಸರಿಯಲ್ಲಿ, ಇಲ್ಲಿಯವರು ಗಾಳಾ ಎನ್ನುವ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದಿದ್ದೇವೆ. ಬಿಡಿಭಾಗಕ್ಕೆಂದು ಹಳೆಯ ಮಾರುತಿ ಓಮ್ನಿ ವ್ಯಾನ್ ಕೊಂಡೆವು. ಓಮ್ನಿಯೇ ಏಕೆ ಎಂದರೆ, ಅದರ 796 ಸಿಸಿ ಎಂಜಿನ್ ಉದ್ದಕ್ಕೆ ಮಲಗಿದೆ, ಶಾಫ್ಟ್ ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಮಾರುತಿ 800ರಲ್ಲಿ ಅದೇ ಎಂಜಿನ್ ಅಡ್ಡಕ್ಕಿದೆ, ಓಡುವುದು ಮುಂದಿನ ಚಕ್ರ. ಸೆವೆನ್‌ನ ಮೂಗಿನೊಳಗೆ ಅದು ಕೂರುವುದಿಲ್ಲ.

ಚೌಕಟ್ಟು ಮುಗಿದಿದೆ. 25 ಮಿಲಿಮೀಟರ್ ಚೌಕ ಪೈಪು, ದಪ್ಪ 1.6. ಇಪ್ಪತ್ತು ಅಡಿಯ ಏಳು ಪೈಪು ಹಿಡಿಯಿತು, ತೂಕ ಸುಮಾರು 50 ಕೆ.ಜಿ. ಈಗ ನನ್ನ ಪ್ರಶ್ನೆ ಒಂದೇ. ಫೈಬರ್ ಒಡಲನ್ನು ನಾವೇ ಮಾಡಬಹುದೇ, ಇಲ್ಲ ಹೊರಗೆ ಕೊಡಬೇಕೇ?

ಕಾಫಿಪುಡಿ, ಮಾಟುಂಗಾ

ಕಾಕಾ, ಬುದ್ಧಿವಾದ ಬೇಡ ಎಂದಿದ್ದೀರಿ, ಆದರೂ ಕೇಳುತ್ತೇನೆ. ಅದೇ ದುಡ್ಡಿಗೆ ಓಡುವ ಹಳೆಯ ಮಾರುತಿ ಜಿಪ್ಸಿಯೇ ಸಿಗುತ್ತಿತ್ತಲ್ಲ? ಇದನ್ನು ಮುಗಿಸಿ ಎಲ್ಲಿಗೆ ಹೋಗುತ್ತೀರಿ?

ಟೂಲ್‌ರೂಮ್ ಕಾಕಾ, ಭೋಸರಿ

ಜಿಪ್ಸಿ ಕೊಂಡರೆ ಮಗಳು ಅದರಲ್ಲಿ ಕುಳಿತು ಗೆಳತಿಯರ ಜೊತೆ ಮಹಾಬಳೇಶ್ವರಕ್ಕೆ ಹೋಗುತ್ತಾಳೆ. ನಾನು ಮನೆಯಲ್ಲಿ ಟಿವಿ ನೋಡುತ್ತೇನೆ. ಮುಂದಿನ ಪ್ರಶ್ನೆ?

ಡೊಂಬಿವಲಿ ಲೋಕಲ್

ನನ್ನದೊಂದು ತಕರಾರು. ಓಮ್ನಿಯ ಮುಂದಿನ ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಕಂಬ) ಎತ್ತರ, ಸೆವೆನ್‌ನ ಬಾನೆಟ್ ಮೊಣಕಾಲಿಗಿಂತ ಸ್ವಲ್ಪ ಮೇಲೆ. ಎರಡಕ್ಕೂ ಹೇಗೆ ಹೊಂದಿಸಿದಿರಿ? ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಸಿಕ್ಕಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. 1089 ಸಿಸಿ ಎಂಜಿನ್ ಉದ್ದಕ್ಕೇ ಇದೆ, ಹಿಂದಿನ ಚಕ್ರವೇ ಓಡುತ್ತದೆ, ಮುಂದೆ ವಿಶ್‌ಬೋನ್ (ಚಕ್ರ ಹಿಡಿಯುವ ಕವಲು ತೋಳು) ಮತ್ತು ಕಾಯಿಲ್ ಸ್ಪ್ರಿಂಗ್ ಮೊದಲಿನಿಂದಲೂ ಇವೆ. ಕುರ್ಲಾದಲ್ಲೇ ತಯಾರಾಗುತ್ತಿದ್ದ ಗಾಡಿ, ಸಿ.ಎಸ್.ಟಿ. ರಸ್ತೆಯ ಗುಜರಿ ಅಂಗಡಿಗಳಲ್ಲಿ ಕೇಳಿ ನೋಡಬಹುದಿತ್ತು.

ಟೂಲ್‌ರೂಮ್ ಕಾಕಾ, ಭೋಸರಿ

ಪದ್ಮಿನಿಯನ್ನು ಕತ್ತರಿಸಿದರೆ ಪಾಪ ಸುತ್ತಿಕೊಳ್ಳುತ್ತದೆ. ನಮ್ಮ ಮದುವೆಯ ಮೆರವಣಿಗೆ ಹೋದದ್ದು ಅದರಲ್ಲೇ. ಓಮ್ನಿಯನ್ನು ಕತ್ತರಿಸುವಾಗ ಯಾರ ಕಣ್ಣಲ್ಲೂ ನೀರು ಬರಲಿಲ್ಲ.

ಸ್ಟ್ರಟ್ ತೆಗೆದುಹಾಕಿದೆವು. ಓಮ್ನಿಯದು ಚಕ್ರದ ಹಬ್, ಬ್ರೇಕಿನ ಡಿಸ್ಕ್ ಮತ್ತು ಅದನ್ನು ಹಿಡಿದೊತ್ತುವ ಕ್ಯಾಲಿಪರ್ ಮಾತ್ರ. ಮೇಲೊಂದು ಕೆಳಗೊಂದು ವಿಶ್‌ಬೋನ್ ನಾವೇ ಮಾಡಿದೆವು. ಈ ತೋಳುಗಳು ಆಡುವ ಬುಶ್ಶುಗಳ ಮನೆಯನ್ನು ಗೆಳೆಯನ ಲೇಥಿನಲ್ಲಿ ನಾನೇ ತಿರುವಿದ್ದೇನೆ. ಚಕ್ರ ಮೇಲೆ ಕೆಳಗೆ ಆಡುವಾಗ ಸ್ಟೇರಿಂಗ್ ತಾನಾಗಿಯೇ ತಿರುಗಬಾರದು ಎಂದು ಮಗಳು ಮೂರು ವಾರ ಲೆಕ್ಕ ಹಾಕಿದಳು. ಅಷ್ಟರಲ್ಲಿ ನಾನು ರಟ್ಟಿನಲ್ಲಿ ತೋಳುಗಳನ್ನು ಕತ್ತರಿಸಿ, ಗೋಡೆಗೆ ಗುಂಡುಸೂಜಿ ಚುಚ್ಚಿ ಆಡಿಸಿ ನೋಡಿದೆ. ಇಬ್ಬರ ಉತ್ತರಕ್ಕೂ ಮೂರು ಮಿಲಿಮೀಟರ್ ಅಂತರ ಬಂತು. ಯಾರದು ಸರಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅವಳೂ ಈ ವೇದಿಕೆಯನ್ನು ಓದುತ್ತಾಳೆ.

ಚೌಕಟ್ಟಿನ ಬಗ್ಗೆ ಒಂದು ಮಾತು, ಮುಂದೆ ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಇಷ್ಟು ತೆಳುವಾದ ಪೈಪಿಗೆ ಕಡ್ಡಿ ವೆಲ್ಡಿಂಗ್ ಬೇಡ, ತೂತು ಬೀಳುತ್ತದೆ. ಮಿಗ್ ವೆಲ್ಡಿಂಗ್, 0.8ರ ತಂತಿ. ಮೊದಲು ಎಲ್ಲ ಕಡೆ ಟ್ಯಾಕ್ (ಚುಕ್ಕೆ ಬೆಸುಗೆ) ಮಾತ್ರ, ಕರ್ಣಗಳನ್ನು ಅಳೆದ ಮೇಲೆಯೇ ಪೂರ್ತಿ ಬೆಸುಗೆ. ನಾವು ಹಾಗೆಯೇ ಮಾಡಿದೆವು. ಆದರೂ ಒಂದು ಸಂಜೆ ಉತ್ಸಾಹದಲ್ಲಿ ಒಂದೇ ಮಗ್ಗುಲಿನ ನಾಲ್ಕು ಕೀಲುಗಳನ್ನು ಒಂದರ ಹಿಂದೊಂದು ಬೆಸೆದುಬಿಟ್ಟೆವು. ಮರುದಿನ ದಾರ ಕಟ್ಟಿ ನೋಡಿದರೆ ಎಡಗಡೆಯ ಕೆಳಪೈಪು ನಡುವಿನಲ್ಲಿ 4 ಮಿಲಿಮೀಟರ್ ಒಳಗೆ ಬಾಗಿದೆ. ಬೆಸುಗೆ ತಣ್ಣಗಾಗುವಾಗ ಕುಗ್ಗಿ ಕಬ್ಬಿಣವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಮಗಳು “ಕತ್ತರಿಸಿ ಹೊಸದು ಹಾಕೋಣ” ಎಂದಳು. ನಾನು ಗ್ಯಾಸ್ ಟಾರ್ಚ್ ತೆಗೆದುಕೊಂಡು, ಬಾಗಿನ ಉಬ್ಬಿದ ಮಗ್ಗುಲಿನಲ್ಲಿ ಹುಣಸೆಬೀಜದಷ್ಟು ಜಾಗವನ್ನು ಕೆಂಪಗೆ ಕಾಯಿಸಿದೆ. ಟಾರ್ಚ್ ತೆಗೆದು ಹಸಿಬಟ್ಟೆ ಒತ್ತಿದೆ. ಚೊಯ್ ಎಂದಿತು. ಎರಡು ಇಂಚು ಬಿಟ್ಟು ಇನ್ನೊಂದು ಜಾಗ, ಮತ್ತೆ ಹಸಿಬಟ್ಟೆ. ಕೆಡಿಸಿದ ಕುಗ್ಗುವಿಕೆಯೇ ಈಗ ಎದುರು ದಿಕ್ಕಿಗೆ ದುಡಿಯುತ್ತದೆ. ಆರನೆಯ ಸಲಕ್ಕೆ ದಾರ ಪೈಪಿನ ಮೈಗೆ ತಾಗಿ ನಿಂತಿತು. ಮಗಳು ಮೊಬೈಲಿನಲ್ಲಿ ಚಿತ್ರೀಕರಿಸುವುದನ್ನೂ ಮರೆತು ನೋಡುತ್ತಿದ್ದಳು.

ಮಾಂಡವಿ ದಂಡೆ, ಗೋವಾ

ಕಾಕಾ, ನಾನು ಕಾರವಾರದವನು, ದೋಣಿ ಕಟ್ಟುವ ಯಾರ್ಡಿನಲ್ಲಿ 18 ವರ್ಷದಿಂದ ಇದ್ದೇನೆ. ದಿನವೆಲ್ಲ ಫೈಬರ್ ಗಾಜು ಮೆತ್ತುವುದೇ ಕೆಲಸ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಇಡೀ ಒಡಲನ್ನು ಫೈಬರಿನಲ್ಲಿ ಮಾಡಬೇಡಿ. ಸೆವೆನ್‌ನ ಮಗ್ಗುಲುಗಳು ಚಪ್ಪಟೆ. ಅಲ್ಲಿಗೆ ಅಲ್ಯೂಮಿನಿಯಂ ತಗಡು ಸಾಕು, ರಿವೆಟ್ ಹೊಡೆಯಿರಿ. ಮೂಗು ಮತ್ತು ನಾಲ್ಕು ಮಡ್‌ಗಾರ್ಡ್ ಮಾತ್ರ ಫೈಬರ್. ಕೆಲಸ ಕಾಲು ಭಾಗಕ್ಕೆ ಇಳಿಯುತ್ತದೆ.

ಅಚ್ಚಿಗೆ ಮೇಣವನ್ನು ನಾಲ್ಕೈದು ಸಲ ಹಚ್ಚಿ ಉಜ್ಜಿ. ಇಲ್ಲಿ ಜಿಪುಣತನ ಮಾಡಿದವರು ಕೊನೆಗೆ ಅಚ್ಚನ್ನೂ ಮೂಗನ್ನೂ ಒಟ್ಟಿಗೇ ಒಡೆಯುತ್ತಾರೆ. ಆಮೇಲೆ ಜೆಲ್‌ಕೋಟ್ ಎಂಬ ಬಣ್ಣದ ಮೇಲ್ಪದರ, ಅದು ಬೆರಳಿಗೆ ಅಂಟುವಂತಿದ್ದರೂ ಬೆರಳಿಗೆ ಬಣ್ಣ ಹತ್ತದ ಹದಕ್ಕೆ ಬಂದಾಗ ಗಾಜಿನ ನೂಲಿನ ಮ್ಯಾಟ್ ಹಾಸಿ. ಚದರ ಮೀಟರಿಗೆ 450 ಗ್ರಾಮಿನ ಮ್ಯಾಟ್ ಎರಡು ಪದರ ಸಾಕು. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ (ಗಟ್ಟಿಯಾಗುವ ಅಂಟು) ಹಿಡಿಯುತ್ತದೆ. ರೋಲರಿನಿಂದ ಗಾಳಿ ಹೊರಡಿಸಿ. ಬಿಳಿ ಚುಕ್ಕೆ ಉಳಿದರೆ ಅಲ್ಲಿ ರೆಸಿನ್ ಇಳಿದಿಲ್ಲ ಎಂದೇ ಅರ್ಥ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಹವೆಯ ತೇವ ಫೈಬರಿಗೆ ಶತ್ರು, ದಸರೆ ಕಳೆಯಲಿ.

ಇನ್ನೊಂದು ಮಾತನ್ನು ದಯವಿಟ್ಟು ಗೋಡೆಯ ಮೇಲೆ ಬರೆದಿಡಿ. ರೆಸಿನ್ ಗಟ್ಟಿಯಾಗಲು ಎರಡು ದ್ರವ ಬೇಕು: ಕೋಬಾಲ್ಟ್ ಮತ್ತು ಹಾರ್ಡನರ್. ಅವೆರಡನ್ನು ಎಂದೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಸ್ಫೋಟವಾಗುತ್ತದೆ. ಕೋಬಾಲ್ಟನ್ನು ಮೊದಲು ರೆಸಿನಿನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್ ಹಾಕಿ, ನೂರಕ್ಕೆ ಒಂದರಿಂದ ಎರಡು ಭಾಗ. ಕನ್ನಡಕ ಕಡ್ಡಾಯ. ಹಾರ್ಡನರಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು.

ಘಾಟಿನ ಗಾಳಿ, ಪಿಂಪರಿ

ಇಷ್ಟೆಲ್ಲ ಮಾಡಿ ಶೆಡ್ಡಿನಲ್ಲೇ ಇಡುತ್ತೀರಾ? ಓಮ್ನಿಯ ನಂಬರ್ ಪ್ಲೇಟ್ ಇದೆಯಲ್ಲ, ಅದನ್ನೇ ಹಾಕಿಕೊಂಡು ಭಾನುವಾರ ಬೆಳಗ್ಗೆ ಐದಕ್ಕೆ ಲೋನಾವಳದ ಕಡೆ ಹೊರಟುಬಿಡಿ. ಎಂಜಿನ್ ನಂಬರ್ ಅದೇ ತಾನೆ? ಆ ಹೊತ್ತಿನಲ್ಲಿ ಯಾರು ಕೇಳುತ್ತಾರೆ?

ಠಾಣೆ ವಕೀಲ

ಮೇಲಿನ ಸಲಹೆ ಕೇಳಿದವರು ಆಮೇಲೆ ನಮ್ಮಂಥವರ ಕಚೇರಿಯ ಬೆಂಚಿನ ಮೇಲೆ ಕುಳಿತಿರುತ್ತಾರೆ.

ಮೋಟಾರು ವಾಹನ ಕಾಯ್ದೆ, 1988. ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ಹೊಂದದಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ 52ನೇ ಕಲಮು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಇನ್ನು ಕಾಕಾ ಮಾಡಿರುವುದು ಬದಲಾವಣೆಯೂ ಅಲ್ಲ, ಬೇರೆಯೇ ವಾಹನ. ಓಮ್ನಿಯ ಪ್ಲೇಟ್ ಅದಕ್ಕೆ ಹಾಕಿದರೆ ಅದು ಸತ್ತವನ ಹೆಸರಿನಲ್ಲಿ ಓಡಾಡಿದ ಹಾಗೆ. 39ನೇ ಕಲಮಿನ ಪ್ರಕಾರ ನೋಂದಣಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. 146ರ ಪ್ರಕಾರ ಮೂರನೆಯವರ ವಿಮೆಯಿಲ್ಲದೆ ಓಡಿಸುವಂತಿಲ್ಲ. ಬೆಳಗಿನ ಐದಕ್ಕೆ ಹಾಲಿನ ಸೈಕಲ್ಲಿಗೆ ತಗುಲಿದರೆ ಪರಿಹಾರ ಕೊಡಬೇಕಾದದ್ದು ಮನೆ ಮಾರಿ.

ಕಾಕಾ, ನಿಮಗೊಂದು ಪ್ರಶ್ನೆ. ಓಮ್ನಿಯ ನೋಂದಣಿ ರದ್ದು ಮಾಡಿಸಿದ್ದೀರಾ? ವಾಹನ ಇನ್ನು ಬಳಕೆಗೆ ಬಾರದಂತೆ ನಾಶವಾದರೆ, 55ನೇ ಕಲಮಿನ ಪ್ರಕಾರ 14 ದಿನದೊಳಗೆ, ಇಲ್ಲವೇ ಆದಷ್ಟು ಬೇಗ, ಆರ್‌ಟಿಒಗೆ ತಿಳಿಸಿ ಪತ್ರ ಒಪ್ಪಿಸಬೇಕು.

ಟೂಲ್‌ರೂಮ್ ಕಾಕಾ, ಭೋಸರಿ

ವಕೀಲರೇ, ರದ್ದಾಗಿದೆ. ಮಗಳ ಹಠ. ಗ್ರೈಂಡರ್ ಮುಟ್ಟುವ ಮೊದಲೇ ಅರ್ಜಿ ಬರೆದಿಟ್ಟಿದ್ದಳು.

ಘಾಟಿನ ಗಾಳಿಯವರೇ, ಈ ಕಾರಿಗೆ ಏರ್‌ಬ್ಯಾಗ್ ಇಲ್ಲ, ಬಾಗಿಲಿಲ್ಲ, ಮೇಲೆ ಚಾವಣಿಯಿಲ್ಲ. ಟ್ರಕ್ಕಿನ ಚಕ್ರದ ನಟ್ಟು ನನ್ನ ಮೂಗಿನ ಮಟ್ಟಕ್ಕೆ ಬರುತ್ತದೆ. ಮಗಳನ್ನು ಕೂರಿಸಿಕೊಂಡು ಘಾಟಿಗೆ ಹೋಗಲು ನನಗೇನು ತಲೆ ಕೆಟ್ಟಿದೆಯೇ?

ಕಾಫಿಪುಡಿ, ಮಾಟುಂಗಾ

ಹಾಗಾದರೆ ಬ್ರಿಟನ್ನಿನಲ್ಲಿ ಜನ ಇವನ್ನು ರಸ್ತೆಯಲ್ಲಿ ಓಡಿಸುವುದು ಹೇಗೆ?

ಠಾಣೆ ವಕೀಲ

ಅಲ್ಲಿ ಒಂದೇ ಒಂದು ಕಾರು ಕಟ್ಟಿದವರಿಗೂ ಬಿಡಿ ಪರೀಕ್ಷೆಯ ವ್ಯವಸ್ಥೆ ಇದೆ. ಪಾಸಾದರೆ ನಂಬರ್ ಸಿಗುತ್ತದೆ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯದು ತಯಾರಕರಿಗಾಗಿ ಇರುವುದು: ಮಾದರಿ ವಾಹನವನ್ನು ಮಾನ್ಯ ಸಂಸ್ಥೆಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಅಂಥ ಸಂಸ್ಥೆಗಳಲ್ಲಿ ಒಂದಾದ ಎಆರ್‌ಎಐ 1966ರಿಂದ ಪುಣೆಯಲ್ಲೇ ಇದೆ, ಕೋಥರೂಡದ ಗುಡ್ಡದ ಮೇಲೆ. ಕಾಕಾರ ಗಾಳೆಯಿಂದ ಒಂದು ಗಂಟೆಯ ದಾರಿ. ಆದರೆ ಸಾವಿರಾರು ಗಾಡಿ ಮಾರುವ ಕಂಪನಿಗೆ ಒಗ್ಗುವ ಖರ್ಚು ಒಂದೇ ಗಾಡಿಗೆ ಒಗ್ಗುವುದಿಲ್ಲ.

ಡೊಂಬಿವಲಿ ಲೋಕಲ್

ಸೆವೆನ್‌ನ ಹುಟ್ಟೇ ತೆರಿಗೆಯ ಸಂದಿಯಲ್ಲಿ ಬೆಳೆದದ್ದು. 1957ರಲ್ಲಿ ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ ಅದನ್ನು ತಂದಾಗ ಬ್ರಿಟನ್ನಿನಲ್ಲಿ ಸಿದ್ಧ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್ಟಿಗೆ ಇರಲಿಲ್ಲ. ಜೋಡಿಸುವ ವಿಧಾನದ ಪುಸ್ತಿಕೆ ಕೊಟ್ಟರೆ ಅದು ಸಿದ್ಧ ಕಾರೇ ಎಂದು ತೆರಿಗೆಯವರು ಪಟ್ಟು ಹಿಡಿದರಂತೆ. ಆಗ ಇವರು ಬಿಚ್ಚುವ ವಿಧಾನದ ಪುಸ್ತಿಕೆ ಕೊಟ್ಟರಂತೆ, ಕೊಂಡವರು ಹಿಂದಿನಿಂದ ಓದಿಕೊಂಡರಂತೆ. 1973ರಲ್ಲಿ ಬೇರೆ ತೆರಿಗೆ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಕಂಪನಿಯವರ ಪಾಲಾಯಿತು.

ನಮ್ಮವರೇನೂ ಕಡಿಮೆಯಿಲ್ಲ. ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್ ನೆನಪಿದೆಯೇ? ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಮೇಲೆ ಕಟ್ಟಿದ್ದು, ಪೂರ್ತಿ ಫೈಬರ್ ಒಡಲು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಅದನ್ನು ಕೇಳುವವರಿಲ್ಲವಾಯಿತು.

ಕಾಕಾನ ಮಗಳು, ಮೋಶಿ

ಅಪ್ಪ ನನ್ನ ಹೆಸರು ಹಾಳು ಮಾಡುತ್ತಿರುವುದು ಗೆಳತಿಯೊಬ್ಬಳಿಂದ ತಿಳಿಯಿತು. ಕೆಲವು ತಿದ್ದುಪಡಿಗಳು.

ಬಾಗಿದ್ದು ಎಡಗಡೆಯ ಪೈಪಲ್ಲ, ಬಲಗಡೆಯದು. ಅಪ್ಪ ಕಾರಿನ ಎದುರಿಗೆ ನಿಂತು ಎಡ-ಬಲ ಹೇಳುತ್ತಾರೆ. ಜಗತ್ತಿನ ವಾಹನ ಉದ್ಯಮವೆಲ್ಲ ಚಾಲಕನ ಸೀಟಿನಲ್ಲಿ ಕುಳಿತು ಹೇಳುತ್ತದೆ. ಇದರ ಬಗ್ಗೆ ನಮ್ಮಿಬ್ಬರಿಗೂ ಐದು ತಿಂಗಳಿಂದ ಜಗಳ ನಡೆದಿದೆ. ಅಪ್ಪನ ವಾದ: ಲೇಥಿನ ಮುಂದೆ ನಿಂತವನು ಲೇಥಿನೊಳಗೆ ಕುಳಿತುಕೊಳ್ಳುತ್ತಾನೆಯೇ?

ಬಾಗನ್ನು ಮೊದಲು ಕಂಡದ್ದೂ ನಾನೇ, ಅದೇ ಸಂಜೆ. “ಬೆಳಕು ಕಡಿಮೆ, ನಿನ್ನ ಕಣ್ಣು ಸೋತಿದೆ” ಎಂದು ಅಪ್ಪ ಮನೆಗೆ ಹೊರಡಿಸಿದರು. ಆದರೆ ಹಸಿಬಟ್ಟೆಯ ವಿಷಯ ಪೂರ್ತಿ ನಿಜ. ಅದನ್ನು ನನಗೆ ಯಾವ ಪ್ರೊಫೆಸರೂ ತೋರಿಸಿರಲಿಲ್ಲ.

ವಿಶ್‌ಬೋನಿನ ಮೂರು ಮಿಲಿಮೀಟರ್: ರಟ್ಟೇ ಸರಿ. ನಾನು ಒಂದು ಬುಶ್ಶಿನ ಕೇಂದ್ರವನ್ನು ತಪ್ಪಾಗಿ ನಮೂದಿಸಿದ್ದೆ.

ಪೆಡಲಿನ ಕಥೆಯನ್ನು ಅಪ್ಪ ಬರೆದಿಲ್ಲ, ಬರೆಯುವುದೂ ಇಲ್ಲ. ಸೆವೆನ್‌ನಲ್ಲಿ ಕಾಲಿಡುವ ಜಾಗ ತೀರ ಇಕ್ಕಟ್ಟು. ನಾನು ಶೂ ಹಾಕಿಕೊಂಡು ಅಳೆದು ಪೆಡಲ್ ಕೂರಿಸಿದ್ದೆ. ಅಪ್ಪ ಕೊಲ್ಹಾಪುರಿ ಚಪ್ಪಲಿಯಲ್ಲಿ ಕುಳಿತು ಕ್ಲಚ್ ಒತ್ತಿದರು. ಚಪ್ಪಲಿಯ ಅಂಚು ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡಿತು. ಎಳೆದರೆ ಬರುವುದಿಲ್ಲ, ಬಗ್ಗಲು ಜಾಗವಿಲ್ಲ. ಅದೇ ಹೊತ್ತಿಗೆ ಡಬ್ಬಿ ತಂದ ಅಮ್ಮ ನೋಡಿ, ಡಬ್ಬಿಯನ್ನು ಬಾನೆಟ್ ಬರಬೇಕಾದ ಜಾಗದಲ್ಲಿಟ್ಟು, “ಅಲ್ಲೇ ಕುಳಿತು ಊಟ ಮಾಡಿ” ಎಂದು ಹೊರಟುಹೋದಳು. ಈಗ ಪೆಡಲುಗಳ ನಡುವೆ 15 ಮಿಲಿಮೀಟರ್ ಹೆಚ್ಚು ಜಾಗವಿದೆ. ಚಪ್ಪಲಿಗೆ ಗಾಳೆಯ ಹೊರಗೇ ಸ್ಥಾನ.

ಮಾಂಡವಿ ದಂಡೆ, ಗೋವಾ

ತಂಗಿ, ನಮ್ಮ ಯಾರ್ಡಿನಲ್ಲೂ ಇದೇ ಗೋಳು. ಅದಕ್ಕೇ ದೋಣಿಯವರು ಎಡ-ಬಲ ಎನ್ನುವುದನ್ನೇ ಬಿಟ್ಟಿದ್ದಾರೆ. ದೋಣಿಯ ಮೂತಿಯ ಕಡೆ ನೋಡಿದಾಗಿನ ಎಡಬದಿ ಪೋರ್ಟ್. ಪೋರ್ಟ್ ಎಂದರೆ ಪೋರ್ಟ್, ನೀನು ಯಾವ ಕಡೆ ಮುಖ ಮಾಡಿ ನಿಂತರೂ.

ಟೂಲ್‌ರೂಮ್ ಕಾಕಾ, ಭೋಸರಿ

ಮಗಳು ಬರೆದದ್ದನ್ನು ಓದಿದೆ. ಚಪ್ಪಲಿಯ ವಿಷಯ ಅನಗತ್ಯವಾಗಿತ್ತು.

ನಾಲ್ಕು ತಿಂಗಳಾಯಿತು ಬರೆದು. ಗೋವಾದವರ ಮಾತಿನಂತೆ ಮಗ್ಗುಲಿಗೆ ಅಲ್ಯೂಮಿನಿಯಂ ಹೊಡೆದೆವು. ದಸರೆಯಾದ ಮೇಲೆ ಮೂಗು ಎರಕವಾಯಿತು. ಮೊದಲನೆಯದರಲ್ಲಿ ಬಿಳಿ ಚುಕ್ಕೆಗಳು ಬಂದವು, ಎರಡನೆಯದು ಒಪ್ಪವಾಗಿದೆ. ಮೊದಲನೆಯದರಲ್ಲಿ ಹೆಂಡತಿ ಕರಿಬೇವು ಹಾಕಿದ್ದಾಳೆ. ಹಿಂದಿನ ಚಕ್ರಗಳನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದೆವು. ಬ್ರೇಕಿನ ನಳಿಗೆ ಅಂಗಡಿಯವನು ತಾಮ್ರ ಕೊಡಲು ಬಂದಿದ್ದ. ಬೇಡವೆಂದು ಉಕ್ಕಿನದೇ ತಂದೆ. ಬರಿಯ ತಾಮ್ರ ಅದುರಿ ಅದುರಿ ಬಿರುಸಾಗಿ ಒಂದು ದಿನ ಸೀಳುತ್ತದೆ. ಇದುವರೆಗಿನ ಖರ್ಚು ಬಾಡಿಗೆ ಬಿಟ್ಟು 1,85,000 ರೂಪಾಯಿ. ಮಾಟುಂಗಾದವರು ಜಿಪ್ಸಿಯ ಬೆಲೆ ಹೇಳಬಾರದು.

ಮೊನ್ನೆ ಗುರುವಾರ ಓಡಿಸಿದೆವು. ಗುರುವಾರ ಇಲ್ಲಿ ಕೈಗಾರಿಕೆಗಳಿಗೆ ವಾರದ ರಜೆ. ಗಾಳೆಗಳ ಮುಂದಿನ ಅಂಗಳ ಖಾಲಿ. ವಕೀಲರೇ, ಮಾಲೀಕರ ಒಪ್ಪಿಗೆ ಪಡೆದಿದ್ದೇವೆ, ಗೇಟಿಗೆ ಒಳಗಿನಿಂದ ಬೀಗ ಹಾಕಿದ್ದೆವು. ಮಗಳು ರಜೆ ಹಾಕಿದ್ದಳು. ಮೊದಲು ಕೂರುವವರು ಯಾರು ಎಂದು ಚರ್ಚೆ ನಡೆಯುತ್ತಿರುವಾಗಲೇ ಅವಳು ಹೋಗಿ ಕುಳಿತಳು. ಸೈಲೆನ್ಸರ್ ಇನ್ನೂ ಪೂರ್ತಿಯಾಗಿಲ್ಲ, ಮೂರು ಸಿಲಿಂಡರಿನ ಎಂಜಿನ್ ತಗಡಿನ ಗೋಡೆಗಳ ನಡುವೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು. ಮೊದಲ ಗೇರಿನಲ್ಲಿ ನಲವತ್ತು ಅಡಿ ಹೋದಳು. ನಾನು ಪಕ್ಕದಲ್ಲಿ ಓಡುತ್ತಿದ್ದೆ. ಏಕೆ ಓಡಿದೆನೋ ತಿಳಿಯದು, ಹಿಡಿದು ನಿಲ್ಲಿಸಲು ಸೈಕಲ್ಲೇ ಅದು?

ಈಗ ತೊಂದರೆ. ಬ್ರೇಕ್ ಒತ್ತಿದರೆ ಪೆಡಲ್ ಸ್ಪಂಜಿನಂತೆ ಮೆತ್ತಗೆ ಒಳಗೆ ಹೋಗುತ್ತದೆ. ಗಾಡಿ ಒಂದು ಕಡೆಗೆ ಎಳೆಯುತ್ತದೆ. ಮೂರು ಸಲ ಬ್ರೇಕ್ ನಳಿಯೊಳಗಿನ ಗಾಳಿ ತೆಗೆದೆವು. ಪೆಡಲಿನ ಒತ್ತಡವನ್ನು ಎಣ್ಣೆಗೆ ದಾಟಿಸುವ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಆರಂಭಿಸಿ ಕ್ರಮವಾಗಿಯೇ ತೆಗೆದೆವು, ಎರಡು ಡಬ್ಬಿ ಬ್ರೇಕ್ ಆಯಿಲ್ ಹೋಯಿತು. ನಳಿಯಲ್ಲಿ ಎಲ್ಲೂ ಸೋರಿಕೆ ಇಲ್ಲ.

ಡೊಂಬಿವಲಿ ಲೋಕಲ್

ಯಾವ ಕಡೆಗೆ ಎಳೆಯುತ್ತದೆ?

ಟೂಲ್‌ರೂಮ್ ಕಾಕಾ, ಭೋಸರಿ

ಬಲಕ್ಕೆ.

ಕಾಕಾನ ಮಗಳು, ಮೋಶಿ

ಎಡಕ್ಕೆ.

ಡೊಂಬಿವಲಿ ಲೋಕಲ್

ಅರ್ಥವಾಯಿತು. ಒಂದು ಕೆಲಸ ಮಾಡಿ. ಮುಂದಿನ ಎರಡೂ ಕ್ಯಾಲಿಪರ್ ನೋಡಿ, ಗಾಳಿ ತೆಗೆಯುವ ನಿಪ್ಪಲ್ ಮೇಲ್ತುದಿಯಲ್ಲಿದೆಯೇ, ಕೆಳತುದಿಯಲ್ಲಿದೆಯೇ? ಗಾಳಿ ಮೇಲೇರುತ್ತದೆ, ನಿಪ್ಪಲ್ ಕೆಳಗಿದ್ದರೆ ಬರಿಯ ಎಣ್ಣೆ ಹೊರಬರುತ್ತದೆ, ಗಾಳಿ ಒಳಗೇ ಉಳಿಯುತ್ತದೆ. ನೂರು ಸಲ ತೆಗೆದರೂ ಅಷ್ಟೇ. ಎರಡು ಕಡೆ ಉಳಿದ ಗಾಳಿ ಹೆಚ್ಚುಕಡಿಮೆಯಾದರೆ ಎಳೆತವೂ ಬರಬಹುದು. ಎಡ-ಬಲದ ಕ್ಯಾಲಿಪರ್ ಅದಲುಬದಲಾದರೆ ನಿಪ್ಪಲ್ ಕೆಳಗೆ ಬರುತ್ತದೆ. ಓಮ್ನಿಯಿಂದ ಬಿಚ್ಚುವಾಗ ಯಾವುದು ಯಾವ ಮಗ್ಗುಲಿನದು ಎಂದು ಗುರುತು ಹಾಕಿದ್ದಿರಾ?

ಕಾಕಾನ ಮಗಳು, ಮೋಶಿ

ಹಾಕಿದ್ದೆವು. ಅಪ್ಪ ಬಿಚ್ಚುವಾಗ ಸೀಮೆಸುಣ್ಣದಲ್ಲಿ ‘ಎ’ ಮತ್ತು ‘ಬ’ ಎಂದು ಬರೆದಿದ್ದರು. ಅದನ್ನು ನೋಡಿಯೇ ನಾನು ಕೂರಿಸಿದೆ.

ಅಯ್ಯೋ.

ಡೊಂಬಿವಲಿ ಲೋಕಲ್

ಹೋಗಿ ನೋಡಿ ಬನ್ನಿ.

ಕಾಕಾನ ಮಗಳು, ಮೋಶಿ

ಈಗಷ್ಟೇ ಗಾಳೆಯಿಂದ ಬಂದೆವು. ಕೆಳಗಿದೆ. ಎರಡೂ.

ಟೂಲ್‌ರೂಮ್ ಕಾಕಾ, ಭೋಸರಿ

ನಾನು ಸರಿಯಾಗಿಯೇ ಬರೆದಿದ್ದೆ.